ಕಿರಿನ್: ಒಂದು ಹೆಸರಿನ ಕಥೆ

ಜಪಾನಿನ ಮಕ್ಕಳು ಜಿರಾಫೆಯನ್ನು 'ಕಿರಿನ್' ಎನ್ನುತ್ತಾರೆ. ಆಫ್ರಿಕದ ಪ್ರಾಣಿಗೆ ಈ ಹೆಸರು ಬಂದ ಬಗೆಯನ್ನರಿಯಲು, ವಾಚಕರೇ, ನಾವು ಆರುನೂರು ವರ್ಷಗಳ ಹಿಂದಿನ ಚೀನಕ್ಕೆ ಹೋಗಬೇಕು.

ಚೀನೀಯರ ಪುರಾತನ ಗ್ರಂಥಗಳಲ್ಲಿ 'ಛಿಲಿನ್' ಎಂಬ ಮಂಗಳಮೃಗವುಂಟು. ಜಿಂಕೆಯ ಮೈ, ಎತ್ತಿನ ಬಾಲ. ಎಳೆಯ ಹುಲ್ಲನ್ನೂ ತುಳಿಯದಷ್ಟು ಸಾಧು. ಧರ್ಮಿಷ್ಠನಾದ ಅರಸನು ಆಳುವಾಗ ಮಾತ್ರ ಅದು ಕಾಣಿಸಿಕೊಳ್ಳುವುದೆಂದು ನಂಬಿಕೆ. ಜಪಾನೀ ನಾಲಗೆಯಲ್ಲಿ ಅದೇ 'ಕಿರಿನ್'.

ಮಿಂಗ್ ವಂಶದ ಯೊಂಗ್‌ಲೆ ಚಕ್ರವರ್ತಿಯಾದರೋ 1402ರಲ್ಲಿ ಅಣ್ಣನ ಮಗನಿಂದ ಸಿಂಹಾಸನವನ್ನು ಕಸಿದುಕೊಂಡವನು. 1414ರಲ್ಲಿ ಬಂಗಾಳದ ಸುಲ್ತಾನನು ಅವನಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಮರುವರ್ಷ ಆಫ್ರಿಕದ ಮಲಿಂದಿಯಿಂದ ಇನ್ನೊಂದು ಬಂದಿತು. ಇದೇ ಛಿಲಿನ್ ಎಂದು ಆಸ್ಥಾನಿಕರು ಸಾರಿದರು. ಶೆನ್ ದು ಎಂಬ ವಿದ್ವಾಂಸನು ಪ್ರಶಸ್ತಿಯನ್ನೇ ರಚಿಸಿದನು. ಸೊಮಾಲಿ ಭಾಷೆಯಲ್ಲಿ ಜಿರಾಫೆಗೆ 'ಗೆರಿ' ಎಂದು ಹೆಸರು. ಈ ಧ್ವನಿಸಾಮ್ಯವೂ ನೆರವಾಗಿರಬಹುದೆಂದು ಪಂಡಿತರ ಊಹೆ. ಆದರೆ ಕಸಿದ ಪಟ್ಟಕ್ಕೆ ದೈವದ ಒಪ್ಪಿಗೆ ತೋರಿಸುವ ಅಗತ್ಯವೂ ಅಲ್ಲಿತ್ತೆಂಬುದನ್ನು ಮರೆಯಲಾಗದು. ಮೊದಲ ಸಲ ಮಂತ್ರಿಗಳ ಅಭಿನಂದನೆಯನ್ನು ಅರಸನೇ ಬೇಡವೆಂದನು: ಒಳ್ಳೆಯ ಆಡಳಿತವಿದ್ದರೆ ಸಾಕು, ಛಿಲಿನ್ ಇಲ್ಲದಿದ್ದರೂ ಕೊರತೆಯಿಲ್ಲ ಎಂಬುದು ಅವನ ಮಾತಿನ ಸಾರ.

ಮುಂದೆ ಹೆಸರಿನ ದಾರಿ ಕವಲೊಡೆಯಿತು. ಚೀನದಲ್ಲಿ ಇಂದು ಜಿರಾಫೆಗೆ 'ಚಾಂಗ್‌ಚಿಂಗ್‌ಲು', ಎಂದರೆ ಉದ್ದಕೊರಳಿನ ಜಿಂಕೆ, ಎಂದು ಹೆಸರು. ಜಪಾನಿನಲ್ಲಾದರೋ 1907ರಲ್ಲಿ ಟೋಕಿಯೋದ ಊಯೆನೋ ಮೃಗಾಲಯಕ್ಕೆ ಬಂದ ಜಿರಾಫೆಗಳು 'ಕಿರಿನ್' ಎಂದೇ ಹೆಸರಾದವು. ಛಿಲಿನ್ ಹುಟ್ಟಿದ ನಾಡು ಕಣ್ಣಿಗೆ ಕಂಡ ಕೊರಳನ್ನು ಹೆಸರಿಸಿತು. ಅದನ್ನು ಎರವಲು ಪಡೆದ ನಾಡು ಆಸ್ಥಾನಿಕರ ಹೊಗಳಿಕೆಯನ್ನು ತನಗರಿಯದೆಯೇ ಉಳಿಸಿಕೊಂಡಿತು.