ತುಘಲಕ್ ದರ್ಬಾರು
ಹಿಂದುಮುಂದು ನೋಡದೆ ಆದೇಶ ಹೊರಡಿಸಿ, ಮತ್ತೆ ಹಿಂಪಡೆಯುವ ಚಂಚಲ ಆಡಳಿತವನ್ನು ಟೀಕಿಸುವ ಕನ್ನಡ ನುಡಿಗಟ್ಟು. “ಇದೇನು ತುಘಲಕ್ ದರ್ಬಾರೇ?” ಎಂಬುದು ಸಾಮಾನ್ಯ ಪ್ರಯೋಗ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ (ಆಳ್ವಿಕೆ 1325–1351) ಹೆಸರಿನಿಂದ ಬಂದಿದೆ.

ಆತ 1327ರ ಸುಮಾರಿಗೆ ದೇವಗಿರಿಯನ್ನು ದೌಲತಾಬಾದ್ ಎಂಬ ಹೆಸರಿನಲ್ಲಿ ರಾಜಧಾನಿಯಾಗಿಸಿ ದೆಹಲಿಯ ಗಣ್ಯರನ್ನು ಅಲ್ಲಿಗೆ ಕಳುಹಿಸಿದ. ಕೆಲವು ವರ್ಷಗಳ ನಂತರ ಮರಳಲು ಅನುಮತಿಸಿದ. ಬೆಳ್ಳಿ ಟಂಕದ ಬೆಲೆಗೆ ಚಲಾವಣೆಗೆ ತಂದ ತಾಮ್ರ, ಹಿತ್ತಾಳೆಯ ನಾಣ್ಯಗಳಿಗೆ ಖೋಟಾ ಹಾವಳಿ ಹೆಚ್ಚಿದಾಗ, ಬೊಕ್ಕಸದಿಂದ ಚಿನ್ನ, ಬೆಳ್ಳಿ ಕೊಟ್ಟು ವಾಪಸು ಪಡೆದ. ಹೀಗೆ ಬಂದ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡೆಯಾಗಿ ಬಿದ್ದಿದ್ದವೆಂದು ಸಮಕಾಲೀನ ಇತಿಹಾಸಕಾರ ಬರನಿ ಬರೆದಿದ್ದಾನೆ.

ಆದರೆ ಸುಲ್ತಾನ ವಿದ್ವಾಂಸನೂ ಹೌದು. ದಖ್ಖನಿನ ಮೇಲೆ ಹಿಡಿತ ಸಾಧಿಸುವ ಉದ್ದೇಶ ರಾಜಧಾನಿ ಬದಲಾವಣೆಯ ಹಿಂದಿತ್ತು. ನುಡಿಗಟ್ಟು ಮರೆಸುವ ಈ ಕನಸುಗಾರನ ಮುಖವನ್ನು ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕ ಕಟ್ಟಿಕೊಡುತ್ತದೆ.