ಕಮಾಂಡ್ ಲೈನ್ ಆಯ್ಕೆಗಳ ಸಂಕ್ಷೇಪ
ಕಮಾಂಡ್ ಲೈನ್ ಆಯ್ಕೆಗಳ ಸಂಕ್ಷೇಪವೆಂದರೆ ಗಣಕಯಂತ್ರಕ್ಕೆ ಆದೇಶ ನೀಡುವಾಗ ಆಯ್ಕೆಯೊಂದರ ಪೂರ್ಣ ಹೆಸರಿನ ಬದಲು ಅದರ ಮೊದಲ ಕೆಲವು ಅಕ್ಷರಗಳನ್ನಷ್ಟೇ ಬರೆಯುವ ಪದ್ಧತಿ. ಗ್ನೂ ಯೋಜನೆಯ ‘ಗೆಟ್‌ಆಪ್ಟ್ ಲಾಂಗ್’ ಫಂಕ್ಷನ್ ಇದಕ್ಕೆ ಅವಕಾಶ ನೀಡುತ್ತದೆ. ಆದರೆ ಆ ಅಕ್ಷರಗಳು ಒಂದೇ ಆಯ್ಕೆಯನ್ನು ಸೂಚಿಸುವಂತಿರಬೇಕು. ಉದಾಹರಣೆಗೆ, ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶದ ‘ರಿವರ್ಸ್’ ಮತ್ತು ‘ರಿಕರ್ಸಿವ್’ ಆಯ್ಕೆಗಳಲ್ಲಿ ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ಸಮಾನ. ಅವೆರಡನ್ನೇ ಬರೆದರೆ ದೋಷಸಂದೇಶ ಬರುತ್ತದೆ. ಮೂರನೆಯ ಅಕ್ಷರವನ್ನೂ ಸೇರಿಸಿದರೆ ಆದೇಶ ನಡೆಯುತ್ತದೆ.

ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ಅದೇ ಅಕ್ಷರಗಳಿಂದ ಆರಂಭವಾಗುವ ಹೊಸ ಆಯ್ಕೆ ಸೇರಿದರೆ, ಅಲ್ಲಿಯವರೆಗೆ ನಡೆಯುತ್ತಿದ್ದ ಸಂಕ್ಷೇಪವು ವಿಫಲವಾಗಬಹುದು. ಆದ್ದರಿಂದ ಕೈಪಿಡಿಗಳಲ್ಲಿ ಪೂರ್ಣ ಹೆಸರನ್ನು ದಾಖಲಿಸುವುದು ಮತ್ತು ಸ್ಕ್ರಿಪ್ಟ್‌ಗಳಲ್ಲಿ ಅದನ್ನೇ ಬಳಸುವುದು ಸುರಕ್ಷಿತ. 2015ರಲ್ಲಿ ಬಿಡುಗಡೆಯಾದ ಪೈಥಾನ್ 3.5ರಿಂದ ‘ಆರ್ಗ್‌ಪಾರ್ಸ್’ ಮಾಡ್ಯೂಲಿನಲ್ಲಿ ಈ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಹುದು.