ರಸ್ತೆ ಸೈಕಲ್‌ಗಳ ಗೇರ್ ವ್ಯವಸ್ಥೆ

ಪೆಡಲಿನ ಒಂದು ಸುತ್ತಿಗೆ ಸೈಕಲ್ಲಿನ ಹಿಂಚಕ್ರವು ಎಷ್ಟು ಸುತ್ತು ತಿರುಗಬೇಕೆಂಬುದನ್ನು ನಿರ್ಧರಿಸುವ ಭಾಗಗಳ ಸಮೂಹವನ್ನು ಗೇರ್ ವ್ಯವಸ್ಥೆ ಎನ್ನಲಾಗುತ್ತದೆ. ಪೆಡಲಿನ ಬಳಿಯಿರುವ ಚೈನ್‌ವೀಲ್, ಹಿಂಚಕ್ರದ ಹಲ್ಲುಗಾಲಿಗಳು, ಸರಪಳಿ, ಸರಪಳಿಯನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಹಾಗೂ ಅದನ್ನು ನಿಯಂತ್ರಿಸುವ ಶಿಫ್ಟರ್ ಇದರ ಮುಖ್ಯ ಅಂಗಗಳು. ಹಳೆಯ ಮತ್ತು ಆಧುನಿಕ ವ್ಯವಸ್ಥೆಗಳು ಗೇರ್‌ಗಳ ಸಂಖ್ಯೆಯಲ್ಲಿ ಮಾತ್ರವಲ್ಲದೆ ಬಳಕೆಯ ಸುಲಭತೆ, ಸವಾರನ ಶ್ರಮ ಮತ್ತು ದುರಸ್ತಿಯ ವಿಷಯದಲ್ಲಿಯೂ ಭಿನ್ನವಾಗಿವೆ.

ಇತಿಹಾಸ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ-ಆರ್ಚರ್ ಸಂಸ್ಥೆಯು ಚಕ್ರದ ಹಬ್‌ನೊಳಗೆ ಅಡಗಿರುವ ಮೂರು ಗೇರ್‌ಗಳ ವ್ಯವಸ್ಥೆಯನ್ನು ಪ್ರಚಾರಕ್ಕೆ ತಂದಿತು. ಆ ಕಾಲದ ಸ್ಪರ್ಧಿಗಳು ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಗಾಲಿಗಳನ್ನು ಅಳವಡಿಸಿಕೊಂಡು, ಏರು ಬಂದಾಗ ಇಳಿದು ಚಕ್ರವನ್ನು ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೈಲರ್ ಬಳಕೆಗೆ ಅನುಮತಿ ದೊರೆತದ್ದು 1937ರಲ್ಲಿ. ಜಪಾನಿನ ಸನ್‌ಟೂರ್ ಸಂಸ್ಥೆಯು 1964ರಲ್ಲಿ ಓರೆಯಾದ ಸಮಾಂತರ ಚತುರ್ಭುಜ ರಚನೆಯ ಡಿರೈಲರನ್ನು ರೂಪಿಸಿತು. ಇಂದಿನ ಹಿಂಬದಿ ಡಿರೈಲರ್‌ಗಳಲ್ಲಿ ಹೆಚ್ಚಿನವು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಹಳೆಯ ವ್ಯವಸ್ಥೆ

1980ರ ದಶಕದವರೆಗೆ ರಸ್ತೆ ಸೈಕಲ್‌ಗಳ ಶಿಫ್ಟರ್ ಸಾಮಾನ್ಯವಾಗಿ ಫ್ರೇಮಿನ ಕೆಳಕೊಳವೆಯ ಮೇಲಿರುತ್ತಿತ್ತು. ಗೇರ್ ಬದಲಿಸಲು ಸವಾರನು ಹ್ಯಾಂಡಲಿನಿಂದ ಒಂದು ಕೈಯನ್ನು ತೆಗೆಯಬೇಕಾಗಿತ್ತು. ಸನ್ನೆಗೆ ನಿಶ್ಚಿತ ಹಂತಗಳಿರಲಿಲ್ಲ. ಅದು ಘರ್ಷಣೆಯ ಬಲದಿಂದ ನಿಲ್ಲುತ್ತಿದ್ದುದರಿಂದ ಸರಪಳಿಯ ಸದ್ದನ್ನು ಆಲಿಸಿ ಸರಿಯಾದ ಸ್ಥಾನವನ್ನು ಗುರುತಿಸಬೇಕಾಗಿತ್ತು. ಈ ರಚನೆಯ ಗುಣವೆಂದರೆ ಸಹಿಷ್ಣುತೆ. ಕೇಬಲ್ ಸ್ವಲ್ಪ ಸಡಿಲವಾದರೂ, ಬೇರೆ ಕಂಪನಿಯ ಫ್ರೀವೀಲ್ ಹಾಕಿದರೂ ಅದು ಕೆಲಸ ಮಾಡುತ್ತದೆ.

ಆಧುನಿಕ ವ್ಯವಸ್ಥೆ

ಶಿಮಾನೊ ಸಂಸ್ಥೆಯು 1984ರಲ್ಲಿ ಪ್ರತಿ ಗೇರಿಗೂ ನಿಶ್ಚಿತ ಹಂತವುಳ್ಳ ಶಿಫ್ಟರನ್ನು ತಂದಿತು. 1990ರಲ್ಲಿ ಬ್ರೇಕ್ ಮತ್ತು ಗೇರ್ ನಿಯಂತ್ರಣಗಳನ್ನು ಒಂದೇ ಸನ್ನೆಯಲ್ಲಿ ಜೋಡಿಸಲಾಯಿತು. 1992ರಲ್ಲಿ ಇಟಲಿಯ ಕಂಪಾನ್ಯೋಲೊ ಸಂಸ್ಥೆಯೂ ಇಂತಹ ವ್ಯವಸ್ಥೆಯನ್ನು ನೀಡಿತು. 2009ರಲ್ಲಿ ಶಿಮಾನೊದ ವಿದ್ಯುನ್ಮಾನ ಗೇರ್ ಮಾರುಕಟ್ಟೆಗೆ ಬಂದಿತು. 2015ರಲ್ಲಿ ಎಸ್‌ಆರ್‌ಎಎಂ ಸಂಸ್ಥೆಯು ತಂತಿರಹಿತ ಗೇರನ್ನು ಪ್ರಕಟಿಸಿತು. ಹಿಂಬದಿಯ ಹಲ್ಲುಗಾಲಿಗಳ ಸಂಖ್ಯೆ ಐದಾರರಿಂದ ಹನ್ನೆರಡಕ್ಕೆ ಏರಿತು. ಗಾಲಿಗಳ ನಡುವಿನ ಅಂತರ ಕಡಿಮೆಯಾದಂತೆ ಸರಪಳಿಯೂ ತೆಳುವಾಯಿತು. ಆದ್ದರಿಂದ ಹೊಂದಾಣಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಗೇರ್ ಸರಿಯಾಗಿ ಬೀಳುವುದಿಲ್ಲ.

ಗೇರ್ ಅನುಪಾತ

ಚೈನ್‌ವೀಲ್‌ನ ಹಲ್ಲುಗಳ ಸಂಖ್ಯೆಯನ್ನು ಹಿಂಬದಿಯ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. ಅದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಕ್ರಮಿಸುವ ದೂರ ತಿಳಿಯುತ್ತದೆ. ಕೆಲವು ಉದಾಹರಣೆಗಳು:

* ಗೇರ್ ಇಲ್ಲದ ಸಾಮಾನ್ಯ ಸೈಕಲ್ (44/18): ಸುಮಾರು 5.4 ಮೀಟರ್
* ಹಳೆಯ ರಸ್ತೆ ಸೈಕಲ್ಲಿನ ಅತ್ಯಂತ ಹಗುರ ಗೇರ್ (42/24): ಸುಮಾರು 3.7 ಮೀಟರ್
* ಆಧುನಿಕ ರಸ್ತೆ ಸೈಕಲ್ಲಿನ ಅತ್ಯಂತ ಹಗುರ ಗೇರ್ (34/34): ಸುಮಾರು 2.1 ಮೀಟರ್

ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಸಾಗುವಾಗ ಮೊದಲನೆಯದರಲ್ಲಿ ನಿಮಿಷಕ್ಕೆ ಸುಮಾರು 25, ಎರಡನೆಯದರಲ್ಲಿ 36, ಮೂರನೆಯದರಲ್ಲಿ 63 ಸುತ್ತು ಪೆಡಲ್ ತುಳಿಯಬೇಕಾಗುತ್ತದೆ. ಸುತ್ತುಗಳು ಕಡಿಮೆಯಾದಷ್ಟೂ ಪ್ರತಿ ತುಳಿತಕ್ಕೆ ಬೇಕಾದ ಬಲ ಹೆಚ್ಚುತ್ತದೆ ಮತ್ತು ಮೊಣಕಾಲಿನ ಮೇಲಿನ ಹೊರೆಯೂ ಏರುತ್ತದೆ. ಹಗುರ ಗೇರ್ ಶ್ರಮವನ್ನು ಇಲ್ಲವಾಗಿಸುವುದಿಲ್ಲ; ಅದನ್ನು ಹೆಚ್ಚು ಸುತ್ತುಗಳಿಗೆ ಹಂಚುತ್ತದೆ.

ಬೀದರ್ ಜಿಲ್ಲೆಯ ಸನ್ನಿವೇಶ

ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳು ದಖ್ಖನ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚಿನ ಎತ್ತರದಲ್ಲಿವೆ. ಪುಣೆ–ಹೈದರಾಬಾದ್ ಮಾರ್ಗದ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೂಲಕ, ಬಸವಕಲ್ಯಾಣಕ್ಕೆ ಸಮೀಪದಲ್ಲಿ ಹಾದುಹೋಗುತ್ತದೆ. ಇಲ್ಲಿ ಪಶ್ಚಿಮಘಟ್ಟದಂತಹ ಕಡಿದಾದ ಏರುಗಳಿಲ್ಲದಿದ್ದರೂ ನೆಲವು ತಗ್ಗುದಿಣ್ಣೆಗಳಿಂದ ಕೂಡಿದೆ. ಮುಂಗಾರಿನಲ್ಲಿ ಪಶ್ಚಿಮದಿಂದ ಗಾಳಿ ಬೀಸುವುದರಿಂದ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೊರಟವರಿಗೆ ಎದುರುಗಾಳಿ ಸಿಗುತ್ತದೆ. ಸಮತಟ್ಟಾದ ರಸ್ತೆಯಲ್ಲಿಯೂ ಎದುರುಗಾಳಿಯು ಏರಿನಂತೆಯೇ ಹಗುರ ಗೇರನ್ನು ಬೇಡುತ್ತದೆ.

ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಇಂತಹ ಸಾಮಾನ್ಯ ಸೈಕಲ್‌ಗಳಿಗೆ ಒಂದೇ ಗೇರ್ ಇರುತ್ತದೆ. ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 50ರ ಮೂಲಕ ತಲುಪಬಹುದಾದ ವಿಜಯಪುರವು ರಾಜ್ಯದ ಸ್ಪರ್ಧಾತ್ಮಕ ಸೈಕ್ಲಿಂಗ್‌ನ ಪ್ರಮುಖ ಕೇಂದ್ರಗಳಲ್ಲಿ ಒಂದು. ಅಲ್ಲಿನಂತಹ ಸ್ಪರ್ಧೆಗಳಿಗೆ ಸಿದ್ಧರಾಗುವವರಿಗೆ ಬಹು ಗೇರ್‌ಗಳ ರಸ್ತೆ ಸೈಕಲ್ ಅಗತ್ಯ.

ನಿರ್ವಹಣೆ ಮತ್ತು ಆಯ್ಕೆ

ಬೇಸಿಗೆಯ ಧೂಳು ಮತ್ತು ಮಳೆಗಾಲದ ಎರೆಮಣ್ಣು ಸರಪಳಿಯ ಎಣ್ಣೆಗೆ ಅಂಟಿಕೊಂಡು ಹಲ್ಲುಗಳನ್ನು ಬೇಗ ಸವೆಸುತ್ತವೆ. ಸವೆದ ಸರಪಳಿಯನ್ನು ಸಕಾಲದಲ್ಲಿ ಬದಲಿಸದಿದ್ದರೆ ಹಲ್ಲುಗಾಲಿಗಳನ್ನೂ ಬದಲಿಸಬೇಕಾಗುತ್ತದೆ. ಆಧುನಿಕ ವ್ಯವಸ್ಥೆಯಲ್ಲಿ ಈ ವೆಚ್ಚ ಹೆಚ್ಚು. ವಿದ್ಯುನ್ಮಾನ ಗೇರ್‌ಗಳ ಬ್ಯಾಟರಿಯನ್ನು ಚಾರ್ಜ್ ಮಾಡಬೇಕು. ಅವುಗಳ ದೋಷವನ್ನು ಸಾಮಾನ್ಯ ಉಪಕರಣಗಳಿಂದ ಸರಿಪಡಿಸುವುದು ಕಷ್ಟ. ಬಿಡಿಭಾಗಗಳು ಸುಲಭವಾಗಿ ಸಿಗದ ಊರುಗಳಲ್ಲಿ, ಕೇಬಲ್‌ನಿಂದ ನಡೆಯುವ ಏಳು ಅಥವಾ ಎಂಟು ಗೇರ್‌ಗಳ ವ್ಯವಸ್ಥೆಯು ಹಗುರ ಗೇರಿನ ಅನುಕೂಲ ಹಾಗೂ ಸರಳ ದುರಸ್ತಿ ಎರಡನ್ನೂ ಒದಗಿಸುತ್ತದೆ.